ಅದರ ನೀರಲ್ಲೇ ಅದು ಬೇಯಲಿ

"ನೀರು ಹಾಕಿದೆಯಾ?"

ಅಮ್ಮ ಹಾಲ್‌ನಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹೀರೇಕಾಯಿ ಪಲ್ಯ ಮಾಡುತ್ತಿದ್ದೆ. ಒಗ್ಗರಣೆ ಸಿಡಿದ ಮೇಲೆ ಹೋಳು ಸುರಿದು ಅರ್ಧ ಲೋಟ ನೀರು ಹಾಕಿದ್ದೆ ಅಷ್ಟೆ. ನಡುವೆ ಒಂದು ಗೋಡೆ ಇತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಆದರೂ ಅವರಿಗೆ ಗೊತ್ತಾಗಿಬಿಟ್ಟಿತು.

"ಹೇಗೆ ಗೊತ್ತಾಯ್ತಮ್ಮಾ?"

"ಸದ್ದು ಬೇರೆ ಕಣೇ. ಎಣ್ಣೇಲಿ ಬಾಡೋ ಹೀರೇಕಾಯಿ ಸಣ್ಣಗೆ ಚುಯ್ ಅಂತಿರುತ್ತೆ. ನೀರು ಬಿದ್ದ ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತೆ. ಆಮೇಲೆ ಕೊತಕೊತ. ಹೀರೇಕಾಯಿಗೆ ಯಾರಾದ್ರೂ ನೀರು ಹಾಕ್ತಾರಾ? ಅದರ ನೀರಲ್ಲೇ ಅದು ಬೇಯಬೇಕು."

ಇದು ನಡೆದು ಇಪ್ಪತ್ತು ವರ್ಷದ ಮೇಲಾಯಿತು. ಹೀರೆ, ಸೋರೆ, ಪಡವಲ, ಸೌತೆ, ಬೂದುಗುಂಬಳ, ಯಾವುದನ್ನು ಹೆಚ್ಚಲು ಕೂತರೂ ಆ ಮಾತು ಈಗಲೂ ನೆನಪಾಗುತ್ತದೆ. ಎಲ್ಲವೂ ಬಳ್ಳಿಯಲ್ಲಿ ಬಿಡುವ ನೀರಿನ ಕಾಯಿಗಳು. ನೂರು ಗ್ರಾಂ ಸೌತೆಕಾಯಿ ತೂಗಿದರೆ ಅದರಲ್ಲಿ ಸುಮಾರು 95 ಗ್ರಾಂ ನೀರೇ. ಉಳಿದವೂ ಹೆಚ್ಚು ಕಡಿಮೆ ಹಾಗೇ. ಊರಿನ ಬೋರ್‌ವೆಲ್‌ಗಳು ಬತ್ತುವ ತಿಂಗಳುಗಳಲ್ಲೇ ಇವು ಮೈತುಂಬ ನೀರು ಹೊತ್ತುಕೊಂಡು ಮಾರ್ಕೆಟ್ಟಿಗೆ ಬರುತ್ತವೆ. ಆ ನೀರನ್ನು ಚೆಲ್ಲದೆ, ಅದರ ಮೇಲೆ ಇನ್ನಷ್ಟು ನೀರು ಸುರಿದು ಸಪ್ಪೆ ಮಾಡದೆ, ತಟ್ಟೆಗೆ ತಂದುಕೊಟ್ಟರೆ ಬೇಸಿಗೆ ಅಡುಗೆಯ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬೆಂಗಳೂರಿನಲ್ಲಿ ಇರುವವರಿಗೆ ತರಕಾರಿಯ ಕಾಲ ಗೊತ್ತಾಗುವುದು ಸ್ವಲ್ಪ ಕಷ್ಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಇದು. ಸುತ್ತಲಿನ ಕೋಲಾರ, ಮಾಲೂರು, ಹೊಸಕೋಟೆ, ಚಿಕ್ಕಬಳ್ಳಾಪುರದ ಹೊಲಗಳಿಂದ ಬೀನ್ಸು, ಕ್ಯಾರೆಟ್ಟು, ಕೋಸು ವರ್ಷವಿಡೀ ಬರುತ್ತಲೇ ಇರುತ್ತವೆ. ಅಮ್ಮ ಇವನ್ನೆಲ್ಲ ಈಗಲೂ 'ಇಂಗ್ಲಿಷ್ ತರಕಾರಿ' ಅಂತಲೇ ಕರೆಯುವುದು. ಮೆಕ್ಸಿಕೋ ಕಡೆಯ ಸೀಮೆಬದನೆಕಾಯಿಯಂತೂ ಇಲ್ಲಿಗೆ ಎಷ್ಟು ಒಗ್ಗಿಹೋಯಿತೆಂದರೆ, ತಮಿಳಿನವರು ಅದಕ್ಕೆ 'ಬೆಂಗಳೂರು ಕತ್ತರಿಕ್ಕಾಯ್' ಅಂತಲೇ ಹೆಸರಿಟ್ಟಿದ್ದಾರೆ. ಹೀಗೆ ಎಲ್ಲ ಕಾಲಕ್ಕೂ ಎಲ್ಲವೂ ಸಿಕ್ಕಿದರೆ ಯಾವುದು ಯಾವಾಗಿನದು ಅನ್ನುವುದು ಮರೆತೇ ಹೋಗುತ್ತದೆ. ಅವರೆಕಾಯಿ ಒಂದರ ವಿಷಯದಲ್ಲಿ ಮಾತ್ರ ಊರಿಗೆ ಊರೇ ಕಾಲ ನೆನಪಿಟ್ಟುಕೊಂಡಿದೆ. ಸೊಗಡು ಬಂತು ಅಂದರೆ ಚಳಿ ಬಂತು. ಅಷ್ಟೇ ಪ್ರೀತಿಯಿಂದ ಹೀರೇಕಾಯಿಯ ಕಾಲವನ್ನೂ ಕಾಯಬೇಕು ಅಂತ ನನ್ನ ಆಸೆ.

ಕಣ್ಣು ಬಿಟ್ಟು ನೋಡಿದರೆ ಕಾಲ ಬದಲಾಗಿದ್ದು ಕಾಣುತ್ತದೆ. ಶಿವರಾತ್ರಿ ಕಳೆದು ವಾರವಾಗುವಷ್ಟರಲ್ಲಿ ಗಾಂಧಿಬಜಾರಿನಲ್ಲಿ ಅವರೆಕಾಯಿ ರಾಶಿ ಕರಗಿರುತ್ತದೆ. ಅದರ ಜಾಗದಲ್ಲಿ ಎಳೆ ಸೌತೆಕಾಯಿ, ಉದ್ದುದ್ದ ನುಗ್ಗೆಕಾಯಿ ಕಟ್ಟು, ಹಸಿ ಮಾವಿನಕಾಯಿ, ಪಲ್ಯಕ್ಕೆ ಆಗುವಂಥ ಎಳೆ ಹಲಸು. ಯುಗಾದಿ ಹೊತ್ತಿಗೆ ಬೂದುಗುಂಬಳ ಬಂದು ಕೂರುತ್ತವೆ, ಮೈಮೇಲೆ ಬಿಳಿ ಬೂದಿ ಬಳಿದುಕೊಂಡು. ಚೈತ್ರದ ಹುಣ್ಣಿಮೆಗೆ ತಿಗಳರ ಪೇಟೆಯಲ್ಲಿ ಕರಗ. ಈ ಊರಿಗೆ ತಲೆಮಾರುಗಳ ಕಾಲ ಹೂವು, ತರಕಾರಿ, ಸೊಪ್ಪು ಬೆಳೆದುಕೊಟ್ಟವರು ತಿಗಳ ಸಮುದಾಯದವರು. ತೋಟದವರ ಹಬ್ಬ ತರಕಾರಿ ಮಾರ್ಕೆಟ್ ತುಂಬಿರುವ ಹೊತ್ತಿಗೇ ಬರುವುದು ನನಗೆ ತುಂಬ ಸರಿ ಅನ್ನಿಸುತ್ತದೆ.

ನಾನು ತರಕಾರಿ ಕೊಳ್ಳುವ ಅಜ್ಜಿ ಬೇಸಿಗೆಯಲ್ಲಿ ಕಾಯಿಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಕೂತಿರುತ್ತಾರೆ. ಒಂದು ದಿನ ಹನ್ನೆರಡು ಗಂಟೆಗೆ ಹೋಗಿ ಹೀರೇಕಾಯಿ ಕೇಳಿದೆ. ಕೊಡಲಿಲ್ಲ. "ಬೇಡ ಕಣಕ್ಕಾ, ನಾಳೆ ಬೆಳಗ್ಗೆ ಬಾ. ಬಿಸಿಲು ಕುಡಿದುಬಿಟ್ಟಿದೆ ಇದು" ಅಂದರು. ಮಾರುವ ಮಾಲನ್ನೇ ಬೇಡ ಅಂದ ಆ ಅಜ್ಜಿಯನ್ನು ಬಿಟ್ಟು ಬೇರೆ ಕಡೆ ಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಹೀರೇಕಾಯಿ ಆರಿಸುವಾಗ ಕೈಯಲ್ಲಿ ಎತ್ತಿ ನೋಡಬೇಕು. ಗಾತ್ರಕ್ಕಿಂತ ಭಾರ ಅನ್ನಿಸಿದರೆ ಒಳಗೆ ನೀರಿದೆ. ಹಗುರ ಅನ್ನಿಸಿದರೆ ಒಳಗೆ ನಾರು ಶುರುವಾಗಿದೆ. ಏಣನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಬಗ್ಗಬೇಕು. ಕತ್ತಿಯ ಅಂಚಿನ ಹಾಗೆ ಗಟ್ಟಿಯಾಗಿದ್ದರೆ ಬಲಿತಿದೆ ಅಂತ ಅರ್ಥ. ಏಣೇ ಇಲ್ಲದ ನುಣುಪು ಮೈಯ ಇನ್ನೊಂದು ಇದೆ, ತುಪ್ಪದ ಹೀರೇಕಾಯಿ. ಅದು ಇನ್ನೂ ಮೆತ್ತಗೆ, ಬೇಗ ಕರಗುತ್ತದೆ. ತೊವ್ವೆಗೆ ಅದೇ ಚೆಂದ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕಾ ಸುಜಾತ್, ಅರ್ಕಾ ಸುಮೀತ್, ಅರ್ಕಾ ಪ್ರಸನ್ ಅನ್ನುವ ಹೀರೆ ತಳಿಗಳೂ ಇವೆ. ಊರಿನ ಪಕ್ಕದಲ್ಲೇ ಹುಟ್ಟಿದ ತಳಿಗಳು. ಅದೇ ಸಂಸ್ಥೆಯ ಸೋರೆಕಾಯಿ ಅರ್ಕಾ ಬಹಾರ್, ಕತ್ತು ಡೊಂಕಾಗದೆ ನೆಟ್ಟಗೆ ಬೆಳೆಯುತ್ತದೆ.

ಪಲ್ಯಕ್ಕೆ ಅರ್ಧ ಕೆಜಿ ಹೀರೇಕಾಯಿ ಸಾಕು. ಏಣನ್ನು ಮಾತ್ರ ಹೆರೆಯುತ್ತೇನೆ, ನಡುವಿನ ಹಸಿರು ಹಾಗೇ ಇರಲಿ. ಹೋಳು ತೀರಾ ಸಣ್ಣ ಬೇಡ. ಎರಡು ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಚಿಟಿಕೆ ಇಂಗು. ಹೋಳು ಹಾಕಿದಾಗ ಬಾಣಲೆ ತುಂಬಿ ತುಳುಕುತ್ತದೆ. ಆಗ ಒಂದೇ ಒಂದು ಚಿಟಿಕೆ ಉಪ್ಪು ಹಾಕಬೇಕು, ನೀರು ಬಿಡಲಿ ಅಂತ. ಸಣ್ಣ ಉರಿಯಲ್ಲಿ ತಟ್ಟೆ ಮುಚ್ಚಿ ನಾಲ್ಕೈದು ನಿಮಿಷ ಬಿಟ್ಟು ತೆಗೆದರೆ ಬಾಣಲೆಯ ತಳದಲ್ಲಿ ತಿಳಿಹಸಿರು ನೀರು ನಿಂತಿರುತ್ತದೆ. ತುಂಬಿದ್ದ ಬಾಣಲೆ ಅರ್ಧಕ್ಕೆ ಇಳಿದಿರುತ್ತದೆ. ಉಳಿದ ಉಪ್ಪು ಈಗ. ಮೊದಲೇ ಕಣ್ಣಳತೆಯಲ್ಲಿ ಪೂರ್ತಿ ಹಾಕಿದ್ದರೆ ಪಲ್ಯ ಉಪ್ಪುಪ್ಪಾಗಿರುತ್ತಿತ್ತು. ಇನ್ನು ತಟ್ಟೆ ಬೇಡ. ಆ ನೀರು ಮತ್ತೆ ಹೋಳಿನೊಳಗೇ ಇಂಗುವ ತನಕ ಹಾಗೇ ಬಿಡಬೇಕು. ಇಂಗಿದಾಗ ಅಮ್ಮ ಹೇಳಿದ ಆ ಚುಯ್ ಸದ್ದು ತಿರುಗಿ ಬರುತ್ತದೆ. ಆಗ ಕಾಯಿತುರಿ ಹಾಕಿ ಇಳಿಸಿದರಾಯಿತು.

ಹೆರೆದ ಏಣನ್ನು ದಯವಿಟ್ಟು ಬಿಸಾಡಬೇಡಿ. ಎಣ್ಣೆಯಲ್ಲಿ ಗರಿಗರಿ ಆಗುವಷ್ಟು ಹುರಿದು, ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿ, ಚೂರು ಹುಣಸೆ, ಕಾಯಿ ಸೇರಿಸಿ ತರಿತರಿಯಾಗಿ ರುಬ್ಬಿದರೆ ಸಿಪ್ಪೆ ಚಟ್ನಿ. ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ. ನನ್ನ ಮಗಳು ಚಿಕ್ಕವಳಿದ್ದಾಗ ಪಲ್ಯ ಮುಟ್ಟುತ್ತಿರಲಿಲ್ಲ, ಚಟ್ನಿಗೋಸ್ಕರ ಹೀರೇಕಾಯಿ ತರಲು ಹೇಳುತ್ತಿದ್ದಳು.

ತಾರಸಿಯಲ್ಲಿ ಹೀರೇಬಳ್ಳಿ ಬೆಳೆಸಲು ಶುರು ಮಾಡಿದ ಮೇಲೆ ಈ ಕಾಯಿಯ ಇನ್ನೊಂದು ಗುಟ್ಟು ತಿಳಿಯಿತು. 20 ಲೀಟರಿನ ಪೇಂಟ್ ಡಬ್ಬದಲ್ಲಿ ಬಳ್ಳಿ ಚೆನ್ನಾಗಿ ಬಂತು, ಹೂ ಬಿಟ್ಟವು, ಪೀಚು ಕಾಣಿಸಿಕೊಂಡವು. ಆದರೆ ನಾಲ್ಕು ದಿನಕ್ಕೆ ಹಳದಿಯಾಗಿ ಉದುರಿಹೋದವು. ಗೊಬ್ಬರ ಹಾಕಿದೆ, ಬೇವಿನೆಣ್ಣೆ ಸಿಂಪಡಿಸಿದೆ. ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯಿತು, ಹೀರೆ ಹೂ ಅರಳುವುದು ಸಂಜೆ ಹೊತ್ತಿಗೆ. ಬೆಳಗ್ಗೆ ಓಡಾಡುವ ಜೇನಿಗೆ ಅದು ಸಿಗುವುದೇ ಕಷ್ಟ. ಸೌತೆ, ಕುಂಬಳದ ಹೂ ಬೆಳಗ್ಗೆ ಅರಳುತ್ತವೆ, ತುಪ್ಪದ ಹೀರೆಯದೂ ಹಾಗೇ. ಸೋರೆಯ ಬಿಳಿ ಹೂ ಕತ್ತಲಾಗುವಾಗ. ಪಡವಲದ್ದು ಇನ್ನೂ ತಡ, ಅಂಚಿಗೆಲ್ಲ ಬಿಳಿ ನೂಲು ಇಳಿಬಿಟ್ಟ ಹಾಗೆ ರಾತ್ರಿಯಲ್ಲಿ ಬಿಡಿಸಿಕೊಳ್ಳುತ್ತದೆ. ಒಂದೇ ಕುಟುಂಬದ ಬಳ್ಳಿಗಳು, ಒಂದೊಂದಕ್ಕೆ ಒಂದೊಂದು ಹೊತ್ತು.

ಅಂದಿನಿಂದ ಸಂಜೆ ಆರು ಗಂಟೆಗೆ ನಾನು ತಾರಸಿಯಲ್ಲಿರುತ್ತೇನೆ. ಗಂಡು ಹೂಗಳು ಗೊಂಚಲಲ್ಲಿ ಬರುತ್ತವೆ, ತೊಟ್ಟು ಸಣಕಲು. ಹೆಣ್ಣು ಹೂ ಒಂಟಿ. ಅದರ ಹಿಂದೆ ಕಿರುಬೆರಳಷ್ಟು ಪೀಚು ಆಗಲೇ ಏಣು ಮೂಡಿಸಿಕೊಂಡು ನಿಂತಿರುತ್ತದೆ. ಒಂದು ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಮುಟ್ಟಿಸಬೇಕು. ಅಷ್ಟೆ. ಮೂರನೇ ದಿನಕ್ಕೆ ಪೀಚು ಹಳದಿಯಾಗದೆ ಹಸಿರಾಗೇ ಉಳಿದರೆ ಆ ಖುಷಿಯೇ ಬೇರೆ. ಬಿಸಿಲು ಜಾಸ್ತಿಯಾದಷ್ಟೂ ಈ ಬಳ್ಳಿಗಳಲ್ಲಿ ಗಂಡು ಹೂ ಜಾಸ್ತಿ, ಹೆಣ್ಣು ಹೂ ಕಡಿಮೆ. ಹಾಗಾಗಿ ಏಪ್ರಿಲ್‌ನಲ್ಲಿ ಒಂದು ಹೆಣ್ಣು ಹೂ ಕಂಡರೂ ಬಿಡುವ ಹಾಗಿಲ್ಲ.

2024ರ ಬೇಸಿಗೆ ನೆನಪಿದೆಯಲ್ವಾ? ಆ ವರ್ಷದ ಏಪ್ರಿಲ್ 28ಕ್ಕೆ ಊರಲ್ಲಿ 38.5 ಡಿಗ್ರಿ. ಮಾರ್ಚಿನಲ್ಲೇ ಕುಡಿಯುವ ನೀರನ್ನು ಗಿಡಕ್ಕೆ, ಕಾರಿಗೆ ಬಳಸಬಾರದು, ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದರೆ ಜನ ಬಿಂದಿಗೆ ಹಿಡಿದು ಓಡುತ್ತಿದ್ದರು. ಬಳ್ಳಿಗಳನ್ನು ಕಿತ್ತು ಹಾಕೋಣ ಅಂದುಕೊಂಡೆ. ಅಮ್ಮ ಬಿಡಲಿಲ್ಲ. ಅಡುಗೆಮನೆ ಸಿಂಕಿನ ಕೆಳಗೆ ಒಂದು ಬಕೆಟ್ ಇಟ್ಟರು. ಅಕ್ಕಚ್ಚು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು, ಎಲ್ಲ ಅದಕ್ಕೆ. ಸಂಜೆ ಆ ಬಕೆಟ್ಟು ತಾರಸಿಗೆ. ಅವರು ಚಿಕ್ಕವರಿದ್ದಾಗ ಅಕ್ಕಚ್ಚು ಹಸುವಿಗೆ ಹೋಗುತ್ತಿತ್ತಂತೆ. ಆ ಬೇಸಿಗೆಯಲ್ಲಿ ನಮಗೆ ಸಿಕ್ಕಿದ್ದು ಹನ್ನೊಂದು ಹೀರೇಕಾಯಿ. ಒಂದೊಂದನ್ನೂ ಎಣಿಸಿದ್ದೇನೆ.

ಆ ವರ್ಷ ತಾರಸಿಯ ಸೌತೆಕಾಯಿ ಕಹಿಯಾಗಿತ್ತು. ನೀರು ಸಾಲದೆ, ಬಿಸಿಲು ಹೆಚ್ಚಾಗಿ ಬಳ್ಳಿ ಬಳಲಿದರೆ ಈ ಜಾತಿಯ ಕಾಯಿಗಳಲ್ಲಿ ಕಹಿ ಏರುತ್ತದೆ. ಸೌತೆಕಾಯಲ್ಲಿ ಆ ಕಹಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಜಾಸ್ತಿ. ಅದಕ್ಕೇ ತೊಟ್ಟಿನ ಕಡೆಯಿಂದ ಒಂದಿಂಚು ಧಾರಾಳವಾಗಿ ಕತ್ತರಿಸಿ ಬಿಡಬೇಕು. ಆದರೆ ಸೋರೆಕಾಯಿ ವಿಷಯದಲ್ಲಿ ಇಷ್ಟಕ್ಕೆ ಸುಮ್ಮನಿರಬಾರದು. ಹೆಚ್ಚುವ ಮೊದಲು ಒಂದು ಚೂರು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಬೇಯಿಸಿದರೆ ಆ ಕಹಿ ಹೋಗುವುದಿಲ್ಲ, ಬೆಲ್ಲ ಹಾಕಿ ಮುಚ್ಚುವುದೂ ಬೇಡ. ಕಹಿ ಸೋರೆಕಾಯಿ ರಸ ಕುಡಿದು ವಾಂತಿ, ರಕ್ತಭೇದಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ, ಜೀವ ಹೋದದ್ದೂ ಇದೆ. ಹಾಗಲಕಾಯಿಯ ಕಹಿ ಬೇರೆ, ಸೋರೆಯ ಕಹಿ ಬೇರೆ. ಇದನ್ನು ಮನೆಯಲ್ಲಿ ಅಡುಗೆ ಕಲಿಯುವ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ.

ಒಳ್ಳೆಯ ಸೋರೆಕಾಯಿ ಸಿಕ್ಕರೆ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ. ಬೂದುಗುಂಬಳದ್ದು ಇನ್ನೂ ಚೆನ್ನ. ಸೆಕೆಗೆ ಬೇಳೆ ಹುಳಿ ಬೇಡ ಅನ್ನಿಸುವ ದಿನಗಳಿಗೆ ಇದಕ್ಕಿಂತ ಬೇರೆ ಇಲ್ಲ. ಒಂದು ಹಿಡಿ ಕಡಲೆಬೇಳೆ ಒಂದು ಗಂಟೆ ನೆನೆಯಲಿ. ಅದಕ್ಕೆ ಅರ್ಧ ಹೋಳು ಕಾಯಿತುರಿ, ನಾಲ್ಕು ಹಸಿಮೆಣಸಿನಕಾಯಿ, ಜೀರಿಗೆ, ಚೂರು ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಬೂದುಗುಂಬಳದ ಹೋಳನ್ನು ಉಪ್ಪು, ಅರಿಶಿನ ಹಾಕಿ ತಟ್ಟೆ ಮುಚ್ಚಿಟ್ಟರೆ ಅದೇ ನೀರು ಬಿಟ್ಟು ಅದರಲ್ಲೇ ಬೇಯುತ್ತದೆ, ಗಾಜಿನ ಹಾಗೆ ಆಗುತ್ತದೆ. ರುಬ್ಬಿದ್ದು ಹಾಕಿ ಹಸಿವಾಸನೆ ಹೋಗುವ ತನಕ ಕುದಿಸಿ. ಇದೊಂದು ಹಂತಕ್ಕೆ ಬೇಕಾದರೆ ಸ್ವಲ್ಪ ನೀರು ಸೇರಿಸಿಕೊಳ್ಳಬಹುದು, ಬೇಳೆ ತಳ ಹಿಡಿಯುತ್ತದೆ.

ಆಮೇಲೆ ಕಡೆದ ಹುಳಿ ಮೊಸರು. ಇಲ್ಲಿ ಅವಸರ ಮಾಡಬಾರದು. ಉರಿ ಪೂರ್ತಿ ಸಣ್ಣ ಮಾಡಿ, ಮೊಸರು ಹಾಕಿ, ಕೈ ಬಿಡದೆ ತಿರುವುತ್ತಿರಬೇಕು. ಅಂಚಿನಲ್ಲಿ ನೊರೆ ಕಟ್ಟಿ ಮೇಲೇಳುವಾಗ ಇಳಿಸಿಬಿಡಬೇಕು. ಮರಳಿ ಕುದಿಯಿತೋ, ಒಡೆಯಿತು. ರುಬ್ಬಿದ ಕಡಲೆಬೇಳೆ ಇರುವುದರಿಂದಲೇ ಮೊಸರು ಇಷ್ಟಾದರೂ ತಡೆದುಕೊಳ್ಳುತ್ತದೆ, ಬೇಳೆಯ ಹಿಟ್ಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮೊಸರನ್ನು ಹಾಗೇ ಸುರಿಯಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಒಂದು ಸೌಟು ಬಿಸಿ ಹುಳಿ ಅದಕ್ಕೇ ಬೆರೆಸಿಕೊಂಡು ಆಮೇಲೆ ಹಾಕಿ. ಕೊಬ್ಬರಿ ಎಣ್ಣೆ ಒಗ್ಗರಣೆ ಹಾಕಿದರೆ ಕರಾವಳಿಯ ಘಮ, ತುಪ್ಪದ್ದಾದರೆ ನಮ್ಮ ಕಡೆಯದು. ಎರಡೂ ನನಗೆ ಇಷ್ಟ.

ಮಂಗಳೂರು ಸೌತೆಯನ್ನು ಬೆಂಗಳೂರಿನ ಅಂಗಡಿಗಳಲ್ಲಿ ಸಾಂಬಾರ್ ಸೌತೆ ಅಂತ ಮಾರುತ್ತಾರೆ. ಹೆಸರು ಸೌತೆ ಆದರೂ ಅದಕ್ಕೆ ಹತ್ತಿರದ ನೆಂಟ ಕರಬೂಜ. ಬಲಿತದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಕರಾವಳಿಯ ಹಳೆ ಮನೆಗಳಲ್ಲಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ತೂಗುಬಿಟ್ಟಿರುವುದನ್ನು ನೋಡಿದ್ದೇನೆ, ಮಳೆಗಾಲಕ್ಕೆ ಅಂತ ಕೂಡಿಟ್ಟ ಗಂಟು ಅದು.

ಬೆಂಡೆಕಾಯಿಗೆ ಈ ನೀರಿನ ಮಾತು ಇನ್ನೂ ಕಟ್ಟುನಿಟ್ಟು. ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೇ ಹೆಚ್ಚಬೇಕು. ತಟ್ಟೆ ಮುಚ್ಚಬಾರದು, ಉಪ್ಪು ಕೊನೆಗೆ. ಲೋಳೆ ಕಾಟವಾದರೆ ಚಮಚ ಹುಣಸೆರಸ ಅಥವಾ ಮೊಸರು. ತುದಿ ಮುರಿದು ಟಕ್ ಅಂದರೆ ಎಳೆಯದು. ಬೇಸಿಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜು ರೋಗ ಬೆಂಡೆ ಬೆಳೆದವರನ್ನು ಅಳಿಸುತ್ತದೆ. ಅದನ್ನು ತಡೆದುಕೊಳ್ಳಲಿ ಅಂತ ಹೆಸರಘಟ್ಟದವರು ತಂದ ತಳಿ ಅರ್ಕಾ ಅನಾಮಿಕಾ.

ಗೋರಿಕಾಯಿ, ತೊಂಡೆಕಾಯಿ ಅಷ್ಟು ಸುಲಭವಾಗಿ ನೀರು ಬಿಡುವುದಿಲ್ಲ, ಅವು ತಮ್ಮ ಪಾಡಿಗೆ ಬೇಯುವುದಿಲ್ಲ. ಅವಕ್ಕೆ ಅಮ್ಮನ ಉಪಾಯ ಬೇರೆ. ಬಾಣಲೆಗೆ ಗುಂಡಿ ಇರುವ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನೀರು ಹಾಕುತ್ತಾರೆ. ಒಳಗಿನ ಹಬೆ ತಣ್ಣನೆ ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ಹೋಳಿನ ಮೇಲೇ ಬೀಳುತ್ತದೆ. ತೀರಾ ಒಣಗಿತು ಅನ್ನಿಸಿದರೆ ತಟ್ಟೆಯ ಮೇಲಿನ ಬಿಸಿನೀರನ್ನೇ ಎರಡು ಚಮಚ ಚಿಮುಕಿಸುವುದು.

ಪಡವಲಕಾಯಿ ನೆಟ್ಟಗೆ ಬೆಳೆಯಲಿ ಅಂತ ರೈತರು ಚಪ್ಪರದಲ್ಲಿ ಅದರ ತುದಿಗೆ ಸಣ್ಣ ಕಲ್ಲು ಕಟ್ಟುತ್ತಿದ್ದರು. ಈಗ ಗಿಡ್ಡ ತಳಿಗಳೇ ಜಾಸ್ತಿ, ಕಲ್ಲು ಕಟ್ಟುವ ಕೆಲಸವಿಲ್ಲ. ನುಗ್ಗೆಕಾಯಿಯಲ್ಲಿ ಉದ್ದ ಕಾಯಿಯ ಪಿಕೆಎಂ-1 ಹೆಸರುವಾಸಿ, ತಮಿಳುನಾಡಿನ ಪೆರಿಯಕುಳಂನಿಂದ ಬಂದದ್ದು. ಎರಡೂ ಕೈಯಲ್ಲಿ ಹಿಡಿದು ತಿರುಚಿದಾಗ ಬಳುಕಿದರೆ ಕೊಳ್ಳಿ. ಸೌತೆಕಾಯಿ ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆ ಮಾತ್ರ. ರಾಮನವಮಿ ದಿನ ಬೆಳಗ್ಗೆಯೇ ಉಪ್ಪು ಬೆರೆಸಿಟ್ಟ ಕೋಸಂಬರಿ ಮಧ್ಯಾಹ್ನಕ್ಕೆ ನೀರಲ್ಲಿ ತೇಲುತ್ತಿರುತ್ತದೆ, ಪಾಪ.

ಇಷ್ಟೆಲ್ಲ ನೀರು ಕಾಪಾಡುವ ಅಮ್ಮ, ಏಪ್ರಿಲ್ ಕೊನೆಗೆ ನೀರು ತೆಗೆಯುವ ಕೆಲಸಕ್ಕೂ ಇಳಿಯುತ್ತಾರೆ. ಅದು ಸಂಡಿಗೆ. ದೊಡ್ಡ ಬೂದುಗುಂಬಳ ಒಡೆದು, ತಿರುಳು ಸಣ್ಣಗೆ ಹೆಚ್ಚಿ, ಉಪ್ಪು, ಅರೆದ ಹಸಿಮೆಣಸಿನಕಾಯಿ, ಇಂಗು, ನಿಂಬೆರಸ ಕಲೆಸಿಡುತ್ತಾರೆ. ಅರ್ಧ ಗಂಟೆಗೆ ಪಾತ್ರೆಯಲ್ಲಿ ನೀರು ತುಂಬುತ್ತದೆ. ಭತ್ತದ ಅರಳನ್ನು ಹೊಟ್ಟು ಆರಿಸಿ ಅದಕ್ಕೇ ಸುರಿಯುವುದು. ಅರಳು ಬೇರೆ ನೀರಲ್ಲಿ ನೆನೆಯುವುದಿಲ್ಲ, ಗುಂಬಳದ ನೀರನ್ನೇ ಕುಡಿದು ಮೆತ್ತಗಾಗುತ್ತದೆ. ಹಳೆಯ ಬಿಳಿ ಪಂಚೆ ಹಾಸಿ, ಸಣ್ಣ ಉಂಡೆಯಷ್ಟು ಇಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಗಟ್ಟಿಯಾಗಿ ಅದುಮಿದರೆ ಕರಿದಾಗ ಅರಳುವುದಿಲ್ಲ. ಪಕ್ಕದ ಮೊರದಲ್ಲಿ ಮಜ್ಜಿಗೆಯಲ್ಲಿ ನೆನೆದ ಗೋರಿಕಾಯಿ, ಹಾಗಲಕಾಯಿ ಬಾಳಕ. ರಾತ್ರಿ ಮಜ್ಜಿಗೆಗೆ, ಹಗಲು ಬಿಸಿಲಿಗೆ, ಮಜ್ಜಿಗೆ ಮುಗಿಯುವ ತನಕ. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾದರೆ ಬೀದಿಯ ಎಲ್ಲ ತಾರಸಿಗಳಲ್ಲೂ ಓಡಾಟ. ಮಾವಿನ ಮಳೆ ಹೇಳಿ ಕೇಳಿ ಬರುವುದಿಲ್ಲ.

ಅಮ್ಮನಿಗೆ ಈಗ ಎಂಬತ್ತೆರಡು. ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ಬಾಣಲೆಯ ಸದ್ದು ಹಾಲ್‌ಗೆ ಮುಟ್ಟುವುದಿಲ್ಲ, ಹಾಗಾಗಿ ಒಂದು ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೇ ತಂದು ಹಾಕಿದ್ದೇನೆ.

ಪ್ರತಿ ವರ್ಷ ಒಂದು ಹೀರೇಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಬಿಡುತ್ತೇವೆ. ಜೂನ್ ಹೊತ್ತಿಗೆ ಅದು ಕಂದುಬಣ್ಣಕ್ಕೆ ತಿರುಗಿ, ಹಕ್ಕಿಗರಿಯಷ್ಟು ಹಗುರವಾಗುತ್ತದೆ. ಒಳಗೆ ಬರೀ ನಾರಿನ ಬಲೆ, ಕಪ್ಪು ಬೀಜ. ಹೋದ ವಾರ ಅದನ್ನು ಕಿತ್ತು ತಂದು ಅಮ್ಮನ ಕೈಗೆ ಕೊಟ್ಟೆ. ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೊಂದು ಸಲ ಅಲ್ಲಾಡಿಸಿದರು.

"ಆಗಿದೆ" ಅಂದರು. ಕಾಯಿಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ, ಒಣಗಿದ ಮೇಲೆ ತಾನಾಗೇ ಕಳಚಿಕೊಳ್ಳುತ್ತದೆ. ಅದನ್ನು ಉಗುರಿನಿಂದ ಎಬ್ಬಿಸಿ, ಸೆರಗು ಹಾಸಿಕೊಂಡು ಕಾಯಿಯನ್ನು ತಲೆಕೆಳಗೆ ಮಾಡಿದರು. ಬೀಜ ಸುರಿದವು.